ತೈವಾನ್ ಹೋಟೆಲಿನ ಗಿಣ್ಣು

ಆಗ ನನಗೆ ಐವತ್ತೇಳೋ ಐವತ್ತೆಂಟೋ. ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ನನ್ನ ವಯಸ್ಸನ್ನು ಯಾರೂ ಬರೆದಿಡಲಿಲ್ಲ, ಅದರಲ್ಲಿ ಹೆಚ್ಚುಕಮ್ಮಿ ಇರಬಹುದು. ವರ್ಷದ ಲೆಕ್ಕ ಮಾತ್ರ ತಪ್ಪುವುದಿಲ್ಲ, ಏಕೆಂದರೆ ಆ ಗಲಾಟೆಯ ಮರುವರ್ಷ ಹುಟ್ಟಿದ ಮೊಮ್ಮಗಳಿಗೆ ಈಗ ಇಪ್ಪತ್ತು ತುಂಬಿದೆ.

ಅವಳು ಅರಸೀಕೆರೆಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಶನಿವಾರ ಊರಿಗೆ ಬರುವಾಗ ಒಂದು ಪ್ಲಾಸ್ಟಿಕ್ ಲೋಟ ಹಿಡಿದು ಬಂದಳು. ಲೋಟದ ಬಾಯಿಗೆ ಬಿಗಿಯಾಗಿ ಹಾಳೆ ಮೆತ್ತಿತ್ತು. ಅದಕ್ಕೆ ಹೆಬ್ಬೆರಳು ಗಾತ್ರದ ಕೊಳವೆ ಚುಚ್ಚಿತ್ತು. ಒಳಗೆ ಟೀ ಬಣ್ಣದ ಹಾಲು, ತಳದಲ್ಲಿ ಕರಿ ಉಂಡೆಗಳು.

"ಕುಡಿದು ನೋಡಜ್ಜಿ, ಅರಸೀಕೆರೆಗೆ ಹೊಸ್ದಾಗಿ ಬಂದಿದೆ" ಅಂದಳು.

"ನೀನು ಹುಟ್ಟೋಕೆ ಮುಂಚೇನೇ ಕುಡ್ದಿದೀನಿ ಹೋಗೇ" ಅಂದೆ.

ಅವಳು ನಂಬಲಿಲ್ಲ. ಬೈಯಲು ಹೋಗಲಿಲ್ಲ. ಯಾರನ್ನೂ ನಂಬದ ಗುಣ ಅವಳಿಗೆ ನನ್ನಿಂದಲೇ ಬಂದಿದ್ದು. ಆ ಗುಣದಿಂದ ಒಂದು ಸಲ ಏನಾಯಿತು ಅಂತ ಅವಳಿಗೆ ಯಾರೂ ಹೇಳಿಲ್ಲ. ಅವಳ ಅವ್ವ ಹೇಳುವವಳಲ್ಲ. ನಾನೇ ಹೇಳುತ್ತೇನೆ.

ನಮ್ಮ ಮನೆ ಬಸ್ತಿಹಳ್ಳಿಯಲ್ಲಿ. ಹಳೇಬೀಡಿಗೆ ಅಂಟಿಕೊಂಡೇ ಇದೆ. ಆ ವರ್ಷ ದೀಪಾವಳಿ ಮುಗಿದು ರಾಗಿ ಕೊಯ್ಲು ಶುರುವಾಗಿತ್ತು. ಬೆಳಿಗ್ಗೆ ಕೆರೆ ಕಡೆಯಿಂದ ಮಂಜು ಬಂದು ಬೀದಿಯಲ್ಲೇ ಕೂರುತ್ತಿತ್ತು. ಎದುರು ಮನೆಯ ಪುಟ್ಟತಾಯಮ್ಮ ಬಾಗಿಲು ಗುಡಿಸುವ ಸದ್ದು ಕೇಳುತ್ತಿತ್ತು, ಅವಳು ಕಾಣುತ್ತಿರಲಿಲ್ಲ. ಕಾಣದಿದ್ದರೂ ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ತೈವಾನಿನವರು ಬಂದಿದ್ದಾರೆ ಅನ್ನುವ ಸುದ್ದಿಯನ್ನು ಅವಳು ಆ ಮಂಜಿನೊಳಗಿಂದಲೇ ಕೂಗಿ ಹೇಳಿದ್ದು.

ಗಂಡ, ಹೆಂಡತಿ ಇಬ್ಬರೇ. ಗಂಡ ದೇವಸ್ಥಾನದ ಗೋಡೆಯ ಫೋಟೋ ತೆಗೆಯುವವನು. ಒಂದೊಂದು ಕಲ್ಲಾನೆಗೂ ಒಂದೊಂದು ಫೋಟೋ. ಬೆಳಿಗ್ಗೆ ಬಿಸಿಲಿಗೊಂದು, ಸಂಜೆ ಬಿಸಿಲಿಗೊಂದು. ಅಲ್ಲಿರುವ ಆನೆಗಳನ್ನೆಲ್ಲ ಮುಗಿಸುವಷ್ಟರಲ್ಲಿ ಇವನಿಗೆ ಮುಪ್ಪು ಬರುತ್ತದೆ ಅಂದುಕೊಂಡೆವು. ಹೆಂಡತಿಯ ಹೆಸರು ಲಿನ್. ನಲವತ್ತರ ಹೆಂಗಸು, ಗಂಡಸರ ಪ್ಯಾಂಟು, ಮೋಟು ಕೂದಲು. ಸುಮ್ಮನೆ ಕೂರಲಾರದೆ ಅವಳು ಹೋಟೆಲು ತೆರೆದಳು. ಗೈಡ್ ಕೆಲಸ ಮಾಡುವ ನಮ್ಮೂರ ಲೋಕೇಶ ಮುಂದೆ ನಿಂತು ಹಳೆ ಸೈಕಲ್ ಶಾಪನ್ನು ಬಾಡಿಗೆಗೆ ಹಿಡಿದು ಕೊಟ್ಟ. ನಾಲ್ಕು ಮೇಜು ಹಾಕಿದರು. ಅವರ ದೇಶದವರು, ಬೇರೆ ದೇಶದವರು, ದೇವಸ್ಥಾನ ನೋಡಲು ಬಂದವರು ಅಲ್ಲಿ ತಿಂದು ಹೋಗಬೇಕು ಅನ್ನುವುದು ಲೆಕ್ಕಾಚಾರ.

ಲೋಕೇಶ ತನ್ನ ಕೈಯಾರೆ ಬೋರ್ಡು ಬರೆದ. 'ತೈವಾನ್ ಊಟ, ಹಾಲಿನ ಟೀ, ಶುದ್ಧ ಸಸ್ಯಾಹಾರಿ.' ಅಕ್ಷರ ಕೂಡಿಸಿಕೊಂಡು ನಾನು ಓದಿದೆ. ಓದಿದ್ದೇ ಅನುಮಾನ ಬಂತು. ಹಾಲಿನ ಟೀ ಎಂದರೇನು? ನಾವು ಇಷ್ಟು ದಿನ ಮಣ್ಣಿನ ಟೀ ಕುಡಿಯುತ್ತಿದ್ದೆವೇ? ಇನ್ನು ಆ 'ಶುದ್ಧ'. ಕೇಳುವ ಮೊದಲೇ ಶುದ್ಧ ಅಂತ ಯಾಕೆ ಹೇಳಿಕೊಳ್ಳಬೇಕು? ನಮ್ಮ ಮನೆಯಲ್ಲಿ ಕೋಳಿಯೂ ಬೇಯುತ್ತದೆ, ಕುರಿಯೂ ಬೇಯುತ್ತದೆ. ಮಾಂಸದ ಮೇಲೆ ನನಗೇನೂ ದ್ವೇಷವಿಲ್ಲ. ಯಾವುದರ ಮಾಂಸ ಅಂತ ಗೊತ್ತಿರಬೇಕು, ಅಷ್ಟೇ.

"ಕೆರೇಲಿ ಕಪ್ಪೆ ವಟಗುಟ್ಟೋದೇ ನಿಂತೋಗೈತೆ ಕಣೇ ನಿಂಗವ್ವ, ಗಮನಿಸ್ದಾ?" ಅಂದಳು ಪುಟ್ಟತಾಯಮ್ಮ.

"ಚಳಿಗಾಲದಲ್ಲಿ ಯಾವ ಕಪ್ಪೆ ವಟಗುಟ್ತದೆ?" ಅಂತ ಅವಳ ಬಾಯಿ ಮುಚ್ಚಿಸಿದೆ. ಆದರೆ ಅವತ್ತು ಸಂಜೆ ಕೆರೆ ಏರಿಯ ಮೇಲೆ ಹೋಗಿ ನಿಂತು ಕೇಳಿಸಿಕೊಂಡು ಬಂದೆ.

ನನ್ನ ಸೊಸೆ ಸರೋಜ. ಬಿಕ್ಕೋಡಿನ ಕಡೆಯವಳು, ಅವಳಪ್ಪ ಕಾಫಿ ತೋಟದಲ್ಲಿ ಮೇಸ್ತ್ರಿ. ಮದುವೆಯಾಗಿ ಆರು ವರ್ಷವಾಗಿತ್ತು, ಇನ್ನೂ ಮಕ್ಕಳಾಗಿರಲಿಲ್ಲ. ನನ್ನ ಮಗ ಚಂದ್ರ ಬೇಲೂರು ಅರಸೀಕೆರೆ ನಡುವೆ ಓಡುವ ಬಸ್ಸಿನ ಕಂಡಕ್ಟರು. ಬೆಳಗಿನ ಮೊದಲ ಬಸ್ಸು ಅವನದೇ ಆದ್ದರಿಂದ ಅರಸೀಕೆರೆಯಲ್ಲೇ ಮಲಗಿ ಭಾನುವಾರ ಮನೆಗೆ ಬರುತ್ತಿದ್ದ. ಉಳಿದ ದಿನ ಮನೆಯಲ್ಲಿ ನಾನು, ಸರೋಜ, ಎರಡು ಹಸು. ಸರೋಜನಿಗೆ ಮಾತು ಕಮ್ಮಿ. ಮಾತು ಕಮ್ಮಿ ಇರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಒಳಗೆ ಏನಿದೆ ಅಂತ ತಿಳಿಯುವುದು ಹೇಗೆ?

ಲೋಕೇಶ ಬಂದು ಹೋಟೆಲಿಗೆ ದಿನಾ ಹಾಲು ಬೇಕು, ರುಬ್ಬಲು ಒಬ್ಬ ಹೆಣ್ಣಾಳೂ ಬೇಕು ಅಂದ. ಹಾಲು ಕೊಡಲು ನಮ್ಮ ದೊಡ್ಡ ಹಸು ಗಂಗೆ ಇತ್ತು. ಆಳಿನ ಕೆಲಸಕ್ಕೆ ನಾನು ಹೋಗುತ್ತೇನೆ ಅಂದಳು ಸರೋಜ. ನಾನು ಒಪ್ಪಿದೆ. ಒಪ್ಪಲು ಬೇರೆ ಕಾರಣ ಇತ್ತು. "ಅವ್ರು ಏನೇನ್ ಬೇಯಿಸ್ತಾರೆ, ಕಣ್ಣಿಟ್ಟು ನೋಡ್ಕಂಡು ಬಾ" ಅಂತ ಕಳಿಸಿದೆ.

ಮೊದಲ ದಿನ ಬಂದು ಹೇಳಿದಳು, "ಬರೀ ಕಾಳು ಅತ್ತೆ. ಸೋಯಾ ಕಾಳು. ನೆನೆಸಿ ರುಬ್ಬಿ ಹಿಂಡಿ ಹಾಲು ತೆಗೀತಾರೆ."

"ಕಾಳಲ್ಲಿ ಹಾಲಾ?"

"ಹೂಂ. ಆ ಹಾಲನ್ನ ಹೆಪ್ಪು ಹಾಕ್ದಂಗೆ ಹಾಕ್ತಾರೆ, ಗಟ್ಟಿ ಆಯ್ತದೆ."

ನಾನು ಎಪ್ಪತ್ತು ತರದ ಕಾಳು ಬಿತ್ತಿ ಬೆಳೆದವಳಲ್ಲ, ಆದರೂ ಅವರೆ, ಅಲಸಂದೆ, ಹುರುಳಿ, ಹೆಸರು ಎಲ್ಲವನ್ನೂ ನೆನೆಸಿ ರುಬ್ಬಿದವಳು. ಒಂದರಲ್ಲೂ ಹಾಲು ಬರಲಿಲ್ಲ. ಇವಳಿಗೆ ಅಲ್ಲಿ ಏನೋ ಕಲಿಸಿ ಕಳಿಸುತ್ತಿದ್ದಾರೆ ಅಂದುಕೊಂಡೆ. ಮತ್ತೆ ಕೇಳಲಿಲ್ಲ.

ಮಾರ್ಗಶಿರ ಕಳೆಯುವ ಹೊತ್ತಿಗೆ ಗಂಡಸಿ ಊರಿನಲ್ಲಿ ನನ್ನ ತಂಗಿ ಜಾರಿಬಿದ್ದು ಕಾಲು ಮುರಿದುಕೊಂಡಳು. ಅವಳನ್ನು ನೋಡಿಕೊಳ್ಳಲು ಹೋದೆ. ಹೋಗುವಾಗ ನಮ್ಮ ಕಿರಿ ಹಸು ಕೆಂಪಿ ತುಂಬುಗಬ್ಬವಾಗಿತ್ತು, ಚೊಚ್ಚಲು. ಇನ್ನೂ ಹತ್ತು ಹನ್ನೆರಡು ದಿನ ಇದೆ ಅನ್ನುವುದು ನನ್ನ ಅಂದಾಜು. ಎಂಟು ದಿನ ಬಿಟ್ಟು ಬಂದರೆ ಕೊಟ್ಟಿಗೆಯಲ್ಲಿ ಕರು ನಿಂತಿತ್ತು. ನಿಂತಿತ್ತು ಅನ್ನಬಾರದು, ಗೋಡೆಗೆ ಒರಗಿತ್ತು. ಐದು ದಿನದ ಹೆಣ್ಣುಗರು, ಪಕ್ಕೆಯ ಮೂಳೆ ಎಣಿಸಬಹುದಾಗಿತ್ತು.

ಕೈಕಾಲು ತೊಳೆಯುವ ಮೊದಲೇ ಪುಟ್ಟತಾಯಮ್ಮ ಬಂದಳು.

"ಕರು ಹಾಕಿ ಐದು ದಿನ ಆಯ್ತು. ನಿಮ್ಮನೆ ಗಿಣ್ಣು ಯಾರ ಮನೆಗೂ ಬರ್ನಿಲ್ಲ ಕಣೇ."

ಇದು ಹೊರಗಿನವರಿಗೆ ಸಣ್ಣ ಮಾತು. ನಮ್ಮ ಕಡೆ ಹಸು ಕರು ಹಾಕಿದರೆ ಮೊದಲ ಹಾಲನ್ನು ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿ ಗಿಣ್ಣು ಮಾಡಿ ಅಕ್ಕಪಕ್ಕಕ್ಕೆಲ್ಲ ಕೊಡಬೇಕು. ಜಗಳ ಆಡಿ ಮಾತು ಬಿಟ್ಟವರ ಮನೆಗೂ ಕೊಡಬೇಕು. ಗಿಣ್ಣಿನ ಹಾಲನ್ನು ಮಾರುವುದಂತೂ ಇಲ್ಲವೇ ಇಲ್ಲ. ಮಾರಿದ ಮನೆಯ ಕೊಟ್ಟಿಗೆ ಉದ್ಧಾರವಾಗುವುದಿಲ್ಲ ಅಂತ ನಮ್ಮತ್ತೆ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ.

"ಎಲ್ಲಿ ಹೋಯ್ತೇ ಹಾಲು?" ಅಂತ ಸರೋಜನನ್ನು ಕೇಳಿದೆ.

"ಹಿಂದಿನ ಎರಡು ಮೊಲೆ ಬಾತ್ಕಂಡಿತ್ತು ಅತ್ತೆ. ಬರೀ ರಕ್ತ ಬರ್ತಿತ್ತು, ಚೆಲ್ದೆ. ಮುಂದಿನ ಎರಡರಲ್ಲಿ ಬಂದಷ್ಟನ್ನ ಕರುವಿಗೇ ಹಾಕ್ದೆ. ಅದು ಏಳಕ್ಕೇ ಆಗ್ತಿರಲಿಲ್ಲ. ಬಾಟ್ಲಲ್ಲಿ ಕುಡಿಸ್ದೆ."

ಕೆಂಪಿಯ ಕೆಚ್ಚಲು ನೋಡಿದೆ. ಅರಿಶಿನ ಬಳಿದಿತ್ತು. ಬಾವು ಕಾಣಲಿಲ್ಲ. ನಾಲ್ಕೈದು ದಿನದ ಹಾಲೆಲ್ಲ ಕುಡಿದ ಕರು ಹೀಗಿರುತ್ತದೆಯೇ? ಅದೂ ಅಲ್ಲದೆ ಪುಟ್ಟತಾಯಮ್ಮ ಇನ್ನೊಂದು ಮಾತು ಸೇರಿಸಿದಳು.

"ನಾನ್ ಹೇಳ್ಬಾರ್ದು. ಕೊಟ್ಟಿಗೆ ಬಾಗ್ಲು ಹಾಕ್ಕಂಡೇ ಇರೋಳು. ಬೆಳಿಗ್ಗೆ ಎದ್ರೆ ಕ್ಯಾನ್ ಹಿಡ್ಕಂಡು ಹೋಟ್ಲ ಕಡೆ ಓಡೋಳು."

ಕ್ಯಾನಿನಲ್ಲಿ ಗಂಗೆಯ ಹಾಲು ಹೋಗುತ್ತದೆ ಅಂತ ನನಗೆ ಗೊತ್ತಿತ್ತು. ಕೊಟ್ಟಿಗೆಯ ಬಾಗಿಲು ಚಳಿಗೆ ಹಾಕುತ್ತಾರೆ ಅಂತಲೂ ಗೊತ್ತಿತ್ತು. ಆದರೂ ಎರಡು ದಿನ ಅದೇ ತಲೆಯಲ್ಲಿ ತಿರುಗಿತು.

ಮೂರನೆಯ ದಿನ ಬೆಳಿಗ್ಗೆ ಡೇರಿಯ ಮುಂದೆ ಹಾಲಿನ ಸಾಲಿನಲ್ಲಿ ನಿಂತಿದ್ದೆವು. ಸರೋಜನೂ ನನ್ನ ಪಕ್ಕದಲ್ಲಿದ್ದಳು. ಲೋಕೇಶ ಆ ದಾರಿಯಲ್ಲಿ ಬಂದ. ಹೋಟೆಲು ಹೇಗೆ ನಡೆಯುತ್ತಿದೆ ಅಂತ ಯಾರೋ ಕೇಳಿದರು.

"ಮೇಡಂ ಈಗೊಂದು ಹೊಸಾದು ಮಾಡ್ತಾರೆ. ಬೆಳ್ಳಗೆ ಅಲ್ಲಾಡ್ತಾ ಇರ್ತದೆ, ಮೇಲೆ ಬೆಲ್ಲದ ಪಾಕ. ಥೇಟ್ ನಮ್ಮ ಗಿಣ್ಣೇ. ಬಂದೋರೆಲ್ಲ ಬಟ್ಟಲು ನೆಕ್ತಾರೆ" ಅಂದ.

ಸಾಲಿನಲ್ಲಿದ್ದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಪುಟ್ಟತಾಯಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು. ನನಗೆ ಮೈಯೆಲ್ಲ ಉರಿಯಿತು.

"ಕರುವಿನ ಬಾಯಿಂದ ಕಿತ್ಕಂಡು ಮಾರ್ಬಿಟ್ಟಲ್ಲೇ ಕಳ್ಳಿ!" ಅಂದೆ. ಇನ್ನೂ ಅಂದೆ. ಅವಳಪ್ಪನನ್ನೂ ಸೇರಿಸಿ ಅಂದೆ. ಕರುವಿನ ಶಾಪಕ್ಕೇ ನಿನ್ನ ಹೊಟ್ಟೆ ತುಂಬಲಿಲ್ಲ ಅಂತಲೂ ಅಂದೆ. ಕರು ಹುಟ್ಟಿ ಎಂಟು ದಿನ, ಅವಳ ಮದುವೆಯಾಗಿ ಆರು ವರ್ಷ. ಬಾಯಿಗೆ ಬಂದಾಗ ಈ ಲೆಕ್ಕ ಯಾರು ನೋಡುತ್ತಾರೆ?

ಸರೋಜ ಒಂದೇ ಮಾತು ಹೇಳಿದಳು. "ನಾನು ಮಾರಿಲ್ಲ ಅತ್ತೆ." ಕ್ಯಾನನ್ನು ನನ್ನ ಕಾಲ ಬಳಿ ಇಟ್ಟಳು. ಮನೆಗೆ ಹೋಗಿ ಸೀರೆ ನಾಲ್ಕು ಬ್ಯಾಗಿಗೆ ಹಾಕಿಕೊಂಡು ಬೇಲೂರು ಬಸ್ಸು ಹತ್ತಿ ಬಿಕ್ಕೋಡಿಗೆ ಹೋದಳು. ಅಳುತ್ತಿರಲಿಲ್ಲ. ತಪ್ಪು ಮಾಡಿದವಳಾದ್ದರಿಂದ ಅಳು ಬರುತ್ತಿಲ್ಲ ಅಂತ ನಾನು ಪುಟ್ಟತಾಯಮ್ಮನಿಗೆ ಹೇಳಿದೆ.

ಭಾನುವಾರ ಚಂದ್ರ ಬಂದ. ವಿಷಯ ಕೇಳಿ ಊಟ ಮುಟ್ಟದೆ ಬಿಕ್ಕೋಡಿಗೆ ಹೋದ. ಸಂಜೆ ಒಬ್ಬನೇ ಬಂದ.

"ಮಾವ ಕಳ್ಸಲ್ಲ ಅಂದ್ರು. 'ಕಳ್ಳಿ ಅಂತ ಡೇರಿ ಮುಂದೆ ಕೂಗವ್ರೆ. ಸಾಬೀತು ಮಾಡ್ಲಿ, ಮಗಳ ಕೈಲಿ ನಾನೇ ತಪ್ಪು ಕಾಣಿಕೆ ಕಟ್ಟಿಸ್ತೀನಿ. ಇಲ್ಲಾ ಕೂಗಿದ ಜಾಗದಲ್ಲೇ ನಿಂತು ತಪ್ಪಾಯ್ತು ಅನ್ಲಿ. ಎರಡೂ ಆಗಲ್ಲ ಅಂದ್ರೆ ಮಗಳು ಇಲ್ಲೇ ಇರ್ತಾಳೆ' ಅಂತ."

"ನಾನ್ಯಾಕೆ ತಪ್ಪಾಯ್ತು ಅನ್ಲಿ?"

"ನೀನು ಕಣ್ಣಾರೆ ನೋಡಿದ್ಯೇನವ್ವ?"

"ಲೋಕೇಶ ನೋಡವ್ನೆ."

"ಅವನು ಗಿಣ್ಣಿದ್ದಂಗೆ ಐತೆ ಅಂದವ್ನೆ. ಗಿಣ್ಣು ಅಂದಿಲ್ಲ." ಚಪ್ಪಲಿ ಮೆಟ್ಟಿಕೊಂಡ. "ಅವಳು ಬರ್ಲಿಲ್ಲ ಅಂದ್ರೆ ನಾನೂ ಅರಸೀಕೆರೇಲಿ ರೂಮು ಮಾಡ್ಕಂಡು ಅವಳ್ನ ಅಲ್ಲಿಗೇ ಕರ್ಕಂಡೋಗ್ತೀನಿ. ನೀನು, ನಿನ್ ಹಸ ಇರಿ."

ಮಗ ಹಾಗೆ ಮಾತಾಡಿದ್ದು ಅದೇ ಮೊದಲು. ಹೆದರಿಕೆಯಾಯಿತು. ಸುಳ್ಳೇಕೆ ಹೇಳಲಿ, ಹೆದರಿಕೆಗಿಂತ ಹಟ ಹೆಚ್ಚಾಯಿತು. ಸಾಬೀತು ತಾನೇ ಬೇಕು? ಆ ಗಿಣ್ಣನ್ನು ತಂದು ಇವನ ಮುಂದೆ, ಬೀಗನ ಮುಂದೆ ಇಡುತ್ತೇನೆ ಅಂದುಕೊಂಡೆ. ಗಿಣ್ಣಿನ ಹಾಲು ಬರುವುದು ನಾಲ್ಕೈದು ದಿನ ಮಾತ್ರ, ಆದರೆ ಅವರ ಹತ್ತಿರ ಫ್ರಿಜ್ಜಿತ್ತು.

ಹತ್ತು ದಿನ ಬಿಟ್ಟು ಒಂದು ಮಧ್ಯಾಹ್ನ, ಟೂರಿಸ್ಟ್ ಬಸ್ಸುಗಳು ಹೋದ ಮೇಲೆ, ಮುಚ್ಚಳದ ಸ್ಟೀಲ್ ಡಬ್ಬಿಯೊಂದನ್ನು ಚೀಲದಲ್ಲಿ ಇಟ್ಟುಕೊಂಡು ತೈವಾನ್ ಹೋಟೆಲಿಗೆ ಹೋದೆ. ಗೋಡೆಗೆ ಬೆನ್ನು ಕೊಟ್ಟು ಬಾಗಿಲು ಕಾಣುವ ಹಾಗೆ ಕೂತೆ.

"ಏನ್ ನಿಂಗಕ್ಕ, ದಾರಿ ತಪ್ಪಿ ಬಂದ್ಯಾ?" ಅಂದ ಲೋಕೇಶ.

"ಊಟಕ್ಕೆ ಬಂದೀನಿ. ಬೋರ್ಡ್ ಹಾಕ್ಕಂಡಿಲ್ವಾ? ಏನೇನೈತೆ ಎಲ್ಲಾ ತಾ."

ಆ ಹೆಂಗಸು ಒಳಗಿಂದ ಬಂದು ಎರಡೂ ಕೈಯಲ್ಲಿ ಲೋಟ ಹಿಡಿದು ತಲೆ ಬಗ್ಗಿಸಿ ಇಟ್ಟಳು. ದೇವರ ಮುಂದೆ ನೈವೇದ್ಯ ಇಡುವ ಹಾಗೆ. ಇಷ್ಟೊಂದು ಮರ್ಯಾದೆ ಕೊಡುವವರು ಏನೋ ಮುಚ್ಚಿಡುತ್ತಿದ್ದಾರೆ ಅಂದುಕೊಂಡೆ. ಅದು ಹಾಲಿನ ಟೀ. ಮುಟ್ಟಿದರೆ ಕೈ ಕೊರೆಯಿತು.

"ಬಿಸಿ ಮಾಡೋಕೆ ಗ್ಯಾಸಿಲ್ವೇನೋ?"

"ತಣ್ಣಗೇ ಕುಡಿಯೋದಕ್ಕ ಇದು."

"ತಣ್ಣಗಾದ ಟೀನ ನಮ್ಮನೇಲಿ ಮುಸುರೆ ಬಾನಿಗೆ ಸುರೀತೀವಿ."

ತಳದಲ್ಲಿ ಕರಿ ಉಂಡೆಗಳು ಕೂತಿದ್ದವು. ಹೊಂಡದ ನೀರಿನಲ್ಲಿ ಗೊದಮೊಟ್ಟೆ ಇರುತ್ತವಲ್ಲ, ಬಾಲ ಕಿತ್ತ ಮೇಲೆ ಹೇಗಿರಬಹುದೋ ಹಾಗೆ. ಚಮಚದಲ್ಲಿ ಒಂದನ್ನು ಹಿಡಿದು ಮೇಜಿನ ಮೇಲೆ ಇಟ್ಟೆ. ಉಗುರಿನಿಂದ ಸೀಳಿದೆ. ಒಳಗೆ ಕಣ್ಣಿರಲಿಲ್ಲ, ಕರುಳಿರಲಿಲ್ಲ. ಮೂಸಿದೆ. ಬೆಲ್ಲದ ವಾಸನೆ. ಲಿನ್ ಒಳಗೆ ಹೋಗಿ ಒಂದು ಡಬ್ಬ ತಂದು ಮುಂದೆ ಹಿಡಿದಳು. ಮರಗೆಣಸಿನ ಹಿಟ್ಟು ಅಂದ ಲೋಕೇಶ. ಬೆರಳಲ್ಲಿ ಉಜ್ಜಿ ನೋಡಿದೆ, ಮರಗೆಣಸೇ. ಅದನ್ನು ಉಂಡೆ ಮಾಡಿ ಬೆಲ್ಲದ ಪಾಕದಲ್ಲಿ ಕುದಿಸಿದ್ದರು. ಬಾಯಿಗೆ ಹಾಕಿದರೆ ಹಲ್ಲಿಗೆ ಸಿಗುತ್ತದೆ, ಜಾರುತ್ತದೆ. ಇದ್ದ ಹಲ್ಲನ್ನೆಲ್ಲ ಕೆಲಸಕ್ಕೆ ಹಚ್ಚಿ ಅಗಿದೆ. ಟೀ ರುಚಿ ಕೆಟ್ಟದಾಗಿರಲಿಲ್ಲ. ಹಾಲು ನಮ್ಮ ಗಂಗೆಯದೇ, ಸರೋಜ ಹೋದಮೇಲೆ ಲೋಕೇಶನೇ ದಿನಾ ಬಂದು ಒಯ್ಯುತ್ತಿದ್ದ. ನೀರು ಸೇರಿಸಿರಲಿಲ್ಲ. ಅಷ್ಟರ ಮಟ್ಟಿಗೆ ಅವಳು ಸರಿ ಅನ್ನಿಸಿತು. ಹಾಗಂತ ಬಾಯಿ ಬಿಟ್ಟು ಹೇಳಲಿಲ್ಲ.

ಆಮೇಲೆ ದೊಡ್ಡ ಬಟ್ಟಲಲ್ಲಿ ಸಾರು, ಅದರೊಳಗೆ ಶ್ಯಾವಿಗೆ. ನಮ್ಮ ಒತ್ತು ಶ್ಯಾವಿಗೆಯ ಎರಡರಷ್ಟು ದಪ್ಪ. ಸಾರಿನಲ್ಲಿ ಚಕ್ರಮೊಗ್ಗಿನ ಘಾಟು. ಖಾರ ಇಲ್ಲ, ಹುಳಿ ಇಲ್ಲ, ಉಪ್ಪು ಮಾತ್ರ, ಅದೂ ಯಾವುದೋ ಕಪ್ಪು ರಸದ್ದು. ಮೇಲೆ ನಾಲ್ಕು ತುಂಡು ಮಾಂಸ. ಸಿಕ್ಕಿಬಿದ್ದರು ಅಂದುಕೊಂಡೆ.

"ಇದೇನೋ ಶುದ್ಧ ಸಸ್ಯಾಹಾರಿ?"

"ಮಾಂಸ ಅಲ್ಲಕ್ಕ. ಕಾಳಿಂದ ಮಾಡಿದ್ದು."

"ಹಾಲೂ ಕಾಳಿಂದ, ಮಾಂಸಾನೂ ಕಾಳಿಂದ. ನಿಮ್ ಮೇಡಂನೂ ಕಾಳಿಂದ್ಲೇ ಮಾಡವ್ರಾ?"

ಅವನು ಅದನ್ನು ಇಂಗ್ಲಿಷಿನಲ್ಲಿ ಹೇಳಿಬಿಟ್ಟ. ಆ ಹೆಂಗಸು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ನಾನು ನಗಲಿಲ್ಲ. ಒಂದು ತುಂಡನ್ನು ಎಳೆಎಳೆಯಾಗಿ ಬಿಡಿಸಿದೆ. ಕೋಳಿ ಕೊಯ್ದು ಪುಕ್ಕ ಕಿತ್ತು ಹಸನು ಮಾಡಿದ ಕೈ ಇದು, ಮೋಸ ಹೋಗುವುದಿಲ್ಲ. ಕೊಬ್ಬಿರಲಿಲ್ಲ, ನರವಿರಲಿಲ್ಲ, ಮೂಳೆಯ ಚೂರೂ ಸಿಗಲಿಲ್ಲ. ತಿಂದೆ. ಮಾಂಸ ಮಾಡಲು ಹೋಗಿ ಅರ್ಧಕ್ಕೆ ಬಿಟ್ಟ ಹಾಗಿತ್ತು.

"ಇನ್ನೊಂದೈತಲ್ಲ ಬೆಳ್ಳಗಿರೋದು. ಅದ ತಾ" ಅಂದೆ.

ಬಟ್ಟಲು ಬಂತು. ಗಿಣ್ಣೇ. ಮೇಜು ಅಲ್ಲಾಡಿದರೆ ಅದೂ ಅಲ್ಲಾಡುತ್ತಿತ್ತು. ಮೇಲೆ ಬೆಲ್ಲದ ಪಾಕ, ಶುಂಠಿಯ ವಾಸನೆ. ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಪಕ್ಕದಲ್ಲಿ ಇಟ್ಟುಕೊಂಡೆ. ತುಂಬಿಸುವ ಮೊದಲು ಒಂದು ಚಮಚ ಬಾಯಿಗೆ ಹಾಕಿದೆ.

ಗಿಣ್ಣು ನಾಲಿಗೆಯ ಮೇಲೆ ಒಡೆಯುತ್ತದೆ, ಅಂಗುಳಕ್ಕೆ ಅಂಟುತ್ತದೆ. ನುಂಗಿದ ಮೇಲೂ ಹಸುವಿನ ವಾಸನೆ ಮೂಗಿನಲ್ಲಿ ಉಳಿಯುತ್ತದೆ. ಇದು ನಾಲಿಗೆಗೆ ತಾಗುವ ಮೊದಲೇ ಜಾರಿ ಹೋಯಿತು. ಹಿಂದೆ ಉಳಿದದ್ದು ನೆನೆಸಿದ ಅವರೆಯ ಸಿಪ್ಪೆಯ ವಾಸನೆ. ಎರಡನೇ ಚಮಚ ಹಾಕಿದೆ, ಮೂರನೆಯದು ಪಾಕವಿಲ್ಲದ ಕಡೆಯಿಂದ ಹಾಕಿದೆ. ಹಸು ಇದರ ಹತ್ತಿರ ಸುಳಿದೂ ಇರಲಿಲ್ಲ.

ಅಷ್ಟಕ್ಕೇ ಒಪ್ಪುವವಳಲ್ಲ ನಾನು. "ಎಲ್ಲಿ ಮಾಡ್ತೀರ ತೋರ್ಸು" ಅಂತ ಎದ್ದೆ. ಲೋಕೇಶ ತಡೆಯಲು ಬಂದ. ಲಿನ್ ಅವನನ್ನೇ ಪಕ್ಕಕ್ಕೆ ಸರಿಸಿ ನನ್ನನ್ನು ಒಳಗೆ ಕರೆದುಕೊಂಡು ಹೋದಳು.

ಒಳಗೆ ಬಕೆಟಿನಲ್ಲಿ ಹಳದಿ ಕಾಳು ನೆನೆದಿತ್ತು. ಪಕ್ಕದಲ್ಲಿ ನಮ್ಮೂರಿನದೇ ಒರಳುಕಲ್ಲು. ಅವಳು ನೆಲಕ್ಕೆ ಕೂತು ರುಬ್ಬಲು ಶುರು ಮಾಡಿದಳು. ಗುಂಡು ತಿರುಗಿಸಲು ಬರುತ್ತಿರಲಿಲ್ಲ, ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಸರೋಜ ಹೋದಮೇಲೆ ಅವಳೇ ರುಬ್ಬುತ್ತಿದ್ದಳಂತೆ. ನೋಡಲಾಗದೆ ಅವಳನ್ನು ಎಬ್ಬಿಸಿ ನಾನೇ ರುಬ್ಬಿದೆ. ಕನಿಕರಕ್ಕಲ್ಲ. ಮಧ್ಯೆ ಏನಾದರೂ ಸುರಿದುಬಿಟ್ಟಾಳು ಅನ್ನುವ ಅನುಮಾನಕ್ಕೆ. ಅವಳು ಹಿಟ್ಟಿಗೆ ನೀರು ಬೆರೆಸಿ ಬಟ್ಟೆಯಲ್ಲಿ ಹಿಂಡಿದಳು. ಬಟ್ಟೆಯ ಕೆಳಗೆ ಹಾಲು ಇಳಿಯಿತು. ನೊರೆ ಸಮೇತ. ಒಲೆಯ ಮೇಲೆ ಇಟ್ಟರೆ ಉಕ್ಕಿತು, ಕೆನೆಯೂ ಕಟ್ಟಿತು. ಒಂದು ಪಾತ್ರೆಯಲ್ಲಿ ಬಿಳಿ ಪುಡಿಯನ್ನು ನೀರಿಗೆ ಕಲಸಿ ಇಟ್ಟು, ಅದರ ಮೇಲೆ ಬಿಸಿ ಹಾಲನ್ನು ಎತ್ತರದಿಂದ ಸುರಿದಳು.

"ಆ ಪುಡಿ ಏನೋ?"

"ಜಿಪ್ಸಮ್ಮು ಅಂತೆ ಅಕ್ಕ. ಒಂಥರಾ ಸುಣ್ಣದ ಕಲ್ಲು."

"ಗೋಡೆಗೆ ಬಳಿಯೋದನ್ನ ತಿನ್ನಿಸ್ತೀರೇನೋ?"

ಮುಚ್ಚಳ ಮುಚ್ಚಿದಳು. ಇಬ್ಬರೂ ಪಾತ್ರೆಯ ಮುಂದೆ ಕುಕ್ಕರುಗಾಲಲ್ಲಿ ಕೂತೆವು. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಾಗಿರಬೇಕು, ಮುಚ್ಚಳ ತೆಗೆದಳು. ಗಟ್ಟಿಯಾಗಿತ್ತು. ಬೆರಳಲ್ಲಿ ತಟ್ಟಿದೆ. ಅಲ್ಲಾಡಿತು.

ಕಾಳಿನಲ್ಲಿ ಹಾಲು ಬಂದಿತ್ತು, ಹಾಲು ಗಟ್ಟಿಯಾಗಿತ್ತು. ಸರೋಜ ಮೊದಲ ದಿನವೇ ಹೇಳಿದ್ದು ಇಷ್ಟನ್ನೇ.

ಲಿನ್ ಏನೋ ಕೇಳಿದಳು. 'ಸರೋಜ' ಅನ್ನುವುದಷ್ಟೇ ನನಗೆ ತಿಳಿಯಿತು. ಲೋಕೇಶ ನೆಲ ನೋಡುತ್ತಾ ತಿರುಗಿಸಿ ಹೇಳಿದ.

"ಆ ಕರು ಬದುಕ್ತಾ ಅಂತ ಕೇಳ್ತಾರೆ ನಿಂಗಕ್ಕ. ಐದು ದಿನ ಸರೋಜಕ್ಕ ಕೆಲಸಕ್ಕೆ ತಡವಾಗಿ ಬರೋಳಂತೆ, ಸೀರೆ ತುಂಬಾ ಕರುವಿನ ಜೊಲ್ಲು. ಕುಡಿಸೋಕೆ ಆಗ್ತಿಲ್ಲ ಅಂತ ಕೈಲಿ ಮಾಡಿ ತೋರಿಸಿದ್ಲಂತೆ. ಇವರೇ ಪಾಕ ಹಾಕೋ ಮೂತಿ ಬಾಟ್ಲು ಕೊಟ್ಟು ಕಳಿಸಿದ್ರಂತೆ. ಈಗ ಯಾಕೆ ಬತ್ತಿಲ್ಲ ಅಂತ ಕೇಳ್ತಾವ್ರೆ. ಏನ್ ಹೇಳ್ಲಿ?"

"ಜ್ವರ ಅಂತ ಹೇಳು."

"ನಿಂಗಕ್ಕ..."

"ಜ್ವರ ಅಂತ ಹೇಳೋ. ಕರು ಬದುಕೈತೆ ಅಂತ್ಲೂ ಹೇಳು."

ಡಬ್ಬಿಯನ್ನು ಖಾಲಿಯೇ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಅವತ್ತು ಸಂಜೆ ಕೆಂಪಿಯ ಹಾಲು ಕರೆಯುವಾಗ ಹಿಂದಿನ ಎರಡು ಮೊಲೆಗಳ ಬುಡವನ್ನು ಒತ್ತಿ ನೋಡಿದೆ. ಒಳಗೆ ಹುಣಸೆ ಬೀಜದಂಥ ಗಂಟು ಇನ್ನೂ ಇತ್ತು. ಸರೋಜ ಹೋದಂದಿನಿಂದ ಎರಡು ಹೊತ್ತೂ ನಾನೇ ಕರೆಯುತ್ತಿದ್ದೆ. ಇಷ್ಟು ದಿನ ಕೈಗೆ ಸಿಕ್ಕಿರಲಿಲ್ಲವೇ? ಸಿಕ್ಕಿತ್ತು. ಸಿಕ್ಕಿಲ್ಲ ಅಂದುಕೊಂಡಿದ್ದೆ. ಇದನ್ನು ನಾನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಮಾರನೆಯ ಬೆಳಿಗ್ಗೆ ಮಂಜು ಇನ್ನೂ ಹರಿದಿರಲಿಲ್ಲ. ಡೇರಿಗೆ ಹೋದೆ. ಸಾಲಿನಲ್ಲಿ ನಿಲ್ಲಲಿಲ್ಲ. ಹಾಲು ಅಳೆಯುವ ಮೆಟ್ಟಿಲ ಮೇಲೆ ಹತ್ತಿ, ಅವತ್ತು ಕೂಗಿದಷ್ಟೇ ಜೋರಾಗಿ ಕೂಗಿದೆ.

"ಎಲ್ಲಾ ಕೇಳ್ಕಳಿ. ನನ್ ಸೊಸೆ ಗಿಣ್ಣು ಮಾರಿಲ್ಲ. ಹಾಲು ಕರುವಿಗೆ ಹಾಕಿ ಕರು ಉಳ್ಸವ್ಳೆ. ಆ ಹೋಟ್ಲಲ್ಲಿರೋದು ಕಾಳು. ನಾನು ಸುಳ್ಳು ಹೇಳ್ದೆ."

ಪುಟ್ಟತಾಯಮ್ಮ ಹತ್ತಿರ ಬಂದು ಮೆಲ್ಲಗೆ, "ಸುಳ್ಳು ಅಂತ ಯಾಕಂತೀಯೇ, ತಪ್ಪು ತಿಳ್ಕಂಡೆ ಅನ್ನು ಸಾಕು" ಅಂದಳು.

"ಸುಳ್ಳು ಅಂದ್ನಲ್ಲ. ಸುಳ್ಳೇ. ನೀನು ಕ್ಯಾನ್ ಇಟ್ಟು ಬಾ."

"ಎಲ್ಲಿಗೆ?"

"ಬಿಕ್ಕೋಡಿಗೆ. ನಾನು ಇಲ್ಲಿ ಕೂಗಿ ಹೇಳ್ದೆ ಅನ್ನೋಕೆ ಸಾಕ್ಷಿ ಬೇಡ್ವಾ? ನಾನು ಹೇಳಿದ್ರೆ ಬೀಗರು ಯಾಕೆ ನಂಬ್ತಾರೆ?"

"ಒಲೆ ಮೇಲೆ ನೀರಿಟ್ಟು ಬಂದೀನಿ ಕಣೇ!"

"ನಿನ್ ಮಗ ಇಳಿಸ್ತಾನೆ. ಗಿಣ್ಣು ಬರ್ಲಿಲ್ಲ ಅಂತ ಮೊದ್ಲು ಬಂದೋಳು ನೀನು. ಈಗ್ಲೂ ನೀನೇ ಬರ್ಬೇಕು."

ಅವಳ ರೆಟ್ಟೆ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆಸಿಕೊಂಡು ಹೋದೆ. ಬೇಲೂರಿನಲ್ಲಿ ಬಿಕ್ಕೋಡಿನ ಬಸ್ಸು ತೋಟದ ಆಳುಗಳಿಂದ ತುಂಬಿತ್ತು, ಒಂದೇ ಸೀಟು ಇತ್ತು. ಅಲ್ಲಿ ಮಾತಾಡಬೇಕಾದವಳು ಅವಳು, ಸುಸ್ತಾಗಬಾರದು. ಅವಳನ್ನು ಕೂರಿಸಿ, ಕಂಬಿ ಹಿಡಿದು ನಾನು ನಿಂತೆ.